ಮತಗಟ್ಟೆ ಪಕ್ಕದ ಬೀದಿಯಲ್ಲೇ ಇದ್ದರೂ ನೂರಕ್ಕೆ ಎಂಬತ್ತು ಜನ ಯಾಕೆ ಹೋಗಲಿಲ್ಲ?

ಕಟಪಾಡಿ ಇಂಜಿನ್ ರೂಮ್:
ನಮಸ್ಕಾರ. ನಾನು 26 ವರ್ಷ ಹಡಗಿನಲ್ಲಿ ಇಂಜಿನಿಯರ್ ಆಗಿದ್ದೆ. ಈಗ ಕಟಪಾಡಿಯ ಮನೆಯಲ್ಲೇ ಇದ್ದೇನೆ. ಒಂದು ವಿಷಯ ತುಂಬಾ ವರ್ಷದಿಂದ ತಲೆಯಲ್ಲಿ ಕೂತಿದೆ. ಗೊತ್ತಿದ್ದವರು ಹೇಳಿ.

2013ರ ಏಪ್ರಿಲ್‌ನಲ್ಲಿ ನಮ್ಮ ಹಡಗು ಕ್ರೊವೇಷಿಯದ ರಿಯೆಕಾದಲ್ಲಿ ರಿಪೇರಿಗೆ ನಿಂತಿತ್ತು. ನಮ್ಮ ಸೆಕೆಂಡ್ ಇಂಜಿನಿಯರ್ ಅದೇ ಊರಿನವನು. 14ನೇ ತಾರೀಕು ಭಾನುವಾರ ನನ್ನನ್ನು ಮನೆಗೆ ಊಟಕ್ಕೆ ಕರೆದ. ದಾರಿಯಲ್ಲಿ ಒಂದು ಶಾಲೆ. "ಇವತ್ತು ಯುರೋಪಿಯನ್ ಪಾರ್ಲಿಮೆಂಟಿಗೆ ಚುನಾವಣೆ" ಎಂದ. ಯುರೋಪಿಯನ್ ಒಕ್ಕೂಟದ ದೇಶಗಳೆಲ್ಲ ಸೇರಿ ಆರಿಸುವ ಸಂಸತ್ತು ಅದು. ನೋಡಿದರೆ ಕ್ಯೂ ಇಲ್ಲ, ಪಕ್ಷದವರ ಮೇಜಿಲ್ಲ, ಚೀಟಿ ಬರೆದು ಕೊಡುವ ಹುಡುಗರಿಲ್ಲ. ಒಬ್ಬರು ಅಜ್ಜಿ ಕೋಲೂರಿಕೊಂಡು ಹೊರಗೆ ಬಂದರು, ಅಷ್ಟೇ.

"ನೀನು ಹಾಕಿದೆಯಾ?" ಎಂದು ಕೇಳಿದೆ. "ಇಲ್ಲ. ಅವರು ಅಲ್ಲಿ ಹೋಗಿ ಎಂತ ಮಾಡುತ್ತಾರೆ?" ಎಂದ. ಶಾಲೆಯಿಂದ ಅವನ ಮನೆಗೆ ನಾಲ್ಕು ನಿಮಿಷದ ದಾರಿ. ಅವನ ಅಮ್ಮ ಮಾತ್ರ ಬೆಳಿಗ್ಗೆಯೇ ಹೋಗಿ ಹಾಕಿ ಬಂದಿದ್ದರು.

ನನಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ನಮ್ಮಲ್ಲಿ ವ್ಯಾಪಾರಿ ಹಡಗಿನವರಿಗೆ ಅಂಚೆ ಮತ ಇಲ್ಲ. ಅಷ್ಟು ವರ್ಷದ ಕೆಲಸದಲ್ಲಿ ಲೋಕಸಭೆಗೆ ನಾನು ವೋಟು ಹಾಕಿದ್ದು ಒಂದೇ ಸಲ. ಉಳಿದ ಸಲವೆಲ್ಲ ಸಮುದ್ರದ ಮಧ್ಯೆ ರೇಡಿಯೋ ರೂಮಿನಲ್ಲಿ ಫಲಿತಾಂಶ ಕೇಳಿದ್ದು.

ಅವತ್ತು ಅಲ್ಲಿ ಮತ ಹಾಕಿದವರು ಶೇ. 20.84. ಇದು ಸಿಟ್ಟಾ, ಸೋಮಾರಿತನವಾ, ಇಲ್ಲ ಬೇರೆ ಏನಾದರೂ ಉಂಟಾ?

ಬಲ್ಮಠ ಮೇಷ್ಟ್ರು:
ಸೋಮಾರಿತನ ಅನ್ನಬೇಡಿ ಸರ್. ಆ ಚುನಾವಣೆಯ ಲೆಕ್ಕವೇ ವಿಚಿತ್ರ. ಕ್ರೊವೇಷಿಯ ಯುರೋಪಿಯನ್ ಒಕ್ಕೂಟ ಸೇರಿದ್ದು 2013ರ ಜುಲೈ 1ಕ್ಕೆ. ಇಡೀ ಯುರೋಪಿನ ಚುನಾವಣೆ 2014ರ ಮೇ ತಿಂಗಳಲ್ಲಿ ಇತ್ತು. ಅಂದರೆ ಕ್ರೊವೇಷಿಯದ ಪಾಲಿನ 12 ಸೀಟಿಗೆ ಗೆದ್ದವರಿಗೆ ಸಿಕ್ಕಿದ್ದು ಬರೀ ಒಂದು ವರ್ಷ. 2013ರ ಮೇ 19ಕ್ಕೆ ಅಲ್ಲಿ ಸ್ಥಳೀಯ ಚುನಾವಣೆಯೂ ಇತ್ತು. ಎರಡನ್ನೂ ಒಂದೇ ದಿನ ಇಡಬಹುದಿತ್ತು, ಇಡಲಿಲ್ಲ. 2009ರಿಂದ ಆರ್ಥಿಕ ಕುಸಿತ, ಹುಡುಗರಿಗೆ ಕೆಲಸ ಇಲ್ಲ. ಒಕ್ಕೂಟ ಸೇರಬೇಕಾ ಎಂದು 2012ರ ಜನವರಿಯಲ್ಲಿ ಕೇಳಿದಾಗಲೇ ಬಂದವರು ಶೇ. 43.51. ಬಂದವರಲ್ಲಿ ಮೂರರಲ್ಲಿ ಎರಡು ಪಾಲು "ಹೌದು" ಎಂದರು. ದೊಡ್ಡ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಇದು ಬರೀ ಅವರ ಕಥೆಯಲ್ಲ. ಸ್ಲೊವಾಕಿಯದಲ್ಲಿ 2014ರಲ್ಲಿ ಬಂದವರು ಶೇ. 13 ಮಾತ್ರ. 1979ರ ಮೊದಲ ಚುನಾವಣೆಯಲ್ಲಿ ಇಡೀ ಯುರೋಪಿಯನ್ ಸಮುದಾಯದಲ್ಲಿ (ಒಕ್ಕೂಟದ ಹಿಂದಿನ ರೂಪ) ಶೇ. 62 ಇದ್ದದ್ದು 2014ಕ್ಕೆ 43ಕ್ಕಿಂತ ಕೆಳಗೆ ಇಳಿಯಿತು. ನಾನು ರಾಜ್ಯಶಾಸ್ತ್ರ ಪಾಠ ಮಾಡುವಾಗ ಇದನ್ನು "ಎರಡನೇ ಸಾಲಿನ ಚುನಾವಣೆ" ಎಂದು ಹೇಳಿಕೊಡುತ್ತಿದ್ದೆ. ಈ ಮತದಿಂದ ಪ್ರಧಾನಿ ಬದಲಾಗುವುದಿಲ್ಲ, ಸರ್ಕಾರ ಬೀಳುವುದಿಲ್ಲ. ಜನರಿಗೆ ಅದು ಗೊತ್ತು.

ಬಜ್ಪೆ ಹುಡುಗಿ:
ನನ್ನ ಅಕ್ಕ ಐರ್ಲೆಂಡಿನಲ್ಲಿ ನರ್ಸ್. ಅಲ್ಲಿನ ಪೌರತ್ವ ಸಿಕ್ಕಿದ ಮೇಲೆ 2024ರ ಜೂನ್ 7ಕ್ಕೆ ಮೊದಲ ಸಲ ಇದಕ್ಕೆ ವೋಟು ಹಾಕಿದಳು. ಅಲ್ಲಿ ಸ್ಥಳೀಯ ಚುನಾವಣೆಯೂ ಅದೇ ದಿನ. ಅರ್ಧದಷ್ಟು ಜನ ಬಂದರು. ಮೇಷ್ಟ್ರು ಹೇಳಿದ ಹಾಗೆ ಒಟ್ಟಿಗೆ ಇಟ್ಟರೆ ವ್ಯತ್ಯಾಸ ಆಗುತ್ತದೆ.

ಕಟಪಾಡಿ ಇಂಜಿನ್ ರೂಮ್:
ಮೇಷ್ಟ್ರೇ, ಒಂದು ವರ್ಷದ ಅವಧಿ ಕಾರಣ ಅಂತಾದರೆ 2024ಕ್ಕೆ ಏನು ಹೇಳುತ್ತೀರಿ? ಆಗ ಐದು ವರ್ಷಕ್ಕೇ ಇತ್ತು. ಆದರೂ ಕ್ರೊವೇಷಿಯದಲ್ಲಿ ಶೇ. 21ರ ಆಸುಪಾಸು, ಇಡೀ ಯುರೋಪಿಗೆ ಕೊನೇ ಸ್ಥಾನ. ಅದೇ ವರ್ಷ ಏಪ್ರಿಲ್‌ನಲ್ಲಿ ಅವರದೇ ದೇಶದ ಪಾರ್ಲಿಮೆಂಟಿಗೆ ಶೇ. 60ಕ್ಕೂ ಜಾಸ್ತಿ ಬಂದಿದ್ದರು. ಅಂದರೆ ವೋಟು ಹಾಕುವ ಅಭ್ಯಾಸ ಉಂಟು. ದೂರದ ಆ ಮನೆ ತಮ್ಮದು ಅಂತ ಅನಿಸಿಲ್ಲ, ಅಲ್ವಾ?

ಪಣಂಬೂರು ಕಾಫಿ ಲೋಡ್:
ಅದೇ ನೋಡಿ ಅಣ್ಣ. "ಅಲ್ಲಿ ಹೋಗಿ ಎಂತ ಮಾಡುತ್ತಾರೆ" ಎಂಬ ಮಾತಿಗೆ ನಾನು ಉತ್ತರ ಕೊಡುತ್ತೇನೆ. ನಾನು ಕಾಫಿ ರಫ್ತಿನ ಕಾಗದಪತ್ರ ನೋಡುವವನು. ನಮ್ಮ ಬಂದರಿನಿಂದ ಹೋಗುವ ಕಾಫಿ ಇಟಲಿ, ಜರ್ಮನಿ ಅಂತ ಯುರೋಪಿಗೇ ಜಾಸ್ತಿ. 2023ರ ಏಪ್ರಿಲ್‌ನಲ್ಲಿ ಅದೇ ಪಾರ್ಲಿಮೆಂಟ್ ಒಂದು ಕಾನೂನಿಗೆ ಒಪ್ಪಿಗೆ ಕೊಟ್ಟಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ಯಾವ ತೋಟದ್ದು ಅಂತ ಜಾಗದ ಗುರುತು ಕೊಡಬೇಕು. ಜಾರಿಯ ದಿನ ಮುಂದೆ ಹೋಗಿದೆ, ನಿಜ. ಆದರೆ ಮೂಡಿಗೆರೆ, ಸಕಲೇಶಪುರದ ಬೆಳೆಗಾರರು ನಮಗೆ ದಿನಾ ಫೋನ್ ಮಾಡುತ್ತಾರೆ. ಅವರಿಗೆ ಅಲ್ಲಿ ವೋಟಿಲ್ಲ. ವೋಟಿದ್ದವರು ಮನೆಯಲ್ಲಿ ಕೂತರು. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಕಟಪಾಡಿ ಇಂಜಿನ್ ರೂಮ್:
ಇದು ನನಗೆ ಗೊತ್ತೇ ಇರಲಿಲ್ಲ. ನನ್ನ ಭಾವನ ತೋಟ ಬಾಳೆಹೊನ್ನೂರಿನಲ್ಲಿದೆ. ಆ 12 ಸೀಟಿನವರ ಕೈ ಅಲ್ಲಿಯವರೆಗೆ ಬರುತ್ತದೆ ಅಂತ ರಿಯೆಕಾದ ಗೆಳೆಯನಿಗೆ ಇವತ್ತೇ ಬರೆಯುತ್ತೇನೆ. ಅವನ ಅಮ್ಮನಿಗೂ ಓದಿ ಹೇಳು ಎನ್ನುತ್ತೇನೆ. 2024ರ ಏಪ್ರಿಲ್ 26ಕ್ಕೆ ನಾನು ಇಲ್ಲಿನ ಶಾಲೆಯಲ್ಲಿ ಬೆಳಿಗ್ಗೆ ಏಳಕ್ಕೇ ಕ್ಯೂ ನಿಂತಾಗ ನೆನಪಾದದ್ದು ಅವರೇ.

ಒಂದು ಕೇಳಬೇಕಿತ್ತು. ಭಾವನದು ಆರು ಎಕರೆ. ಗಡಿ ಪೂರ್ತಿ ಅಳೆಸಬೇಕಾ?

ಪಣಂಬೂರು ಕಾಫಿ ಲೋಡ್:
ಬೇಡ ಅಣ್ಣ. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ಜಾಸ್ತಿ ಇದ್ದರೆ ಮಾತ್ರ ಸುತ್ತಲಿನ ಗಡಿ ಬೇಕು. ಆರು ಎಕರೆಗೆ ತೋಟದೊಳಗಿನ ಒಂದು ಜಿಪಿಎಸ್ ಗುರುತು ಸಾಕು. ಕಾಫಿ ಬೋರ್ಡಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸಲು ಹೇಳಿ. ಪಹಣಿ ಜೊತೆಗಿರಲಿ.