ಶನಿವಾರದ ಕೋಡಿಂಗ್ ಕ್ಲಾಸಿಗೆ ಹುಡುಗಿಯರು ನಿಲ್ಲುತ್ತಿಲ್ಲ, ಏನು ಮಾಡಬಹುದು?

ಜಗಳೂರು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು ನಾನು. ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಇವೆ, ಆರು ಚಾಲೂ ಇವೆ, ಯುಪಿಎಸ್ ಬ್ಯಾಟರಿ ಕೂತುಹೋಗಿದೆ. ಜೂನ್‌ನಿಂದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಸ್ಕ್ರ್ಯಾಚ್ (ಬಣ್ಣದ ಬ್ಲಾಕುಗಳನ್ನು ಎಳೆದು ಜೋಡಿಸಿ ಕೋಡಿಂಗ್ ಮಾಡುವುದು) ಹೇಳಿಕೊಡುತ್ತಿದ್ದೇನೆ. ಎಂಟು, ಒಂಬತ್ತನೇ ತರಗತಿ ಮಕ್ಕಳು. ಫೀಸಿಲ್ಲ, ಬಲವಂತವಿಲ್ಲ, ಯಾರು ಬೇಕಾದರೂ ಬರಬಹುದು.

ಮೊದಮೊದಲು ಹುಡುಗಿಯರೇ ಜಾಸ್ತಿ ಇದ್ದರು. ಈಗ ನೋಡಿದರೆ ಮೂರೇ ಜನ. ಗಂಡುಹುಡುಗರಲ್ಲೂ ಉಳಿದಿರುವುದು ಮನೆಯಲ್ಲಿ ಲ್ಯಾಪ್‌ಟಾಪೋ ಒಳ್ಳೆ ಫೋನೋ ಇರುವವರು. ಕೇರಿ ಕಡೆಯಿಂದ, ಹಟ್ಟಿಗಳಿಂದ ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು.

ಒಂದು ಕಂಪ್ಯೂಟರಿಗೆ ಮೂರ್ನಾಲ್ಕು ಮಕ್ಕಳು ಕೂರುತ್ತಾರೆ. ಒಂದು ಗುಂಪಿನಲ್ಲಿ ಮೌಸ್ ಯಾವಾಗಲೂ ಒಬ್ಬನೇ ಹುಡುಗನ ಕೈಲಿ, ಅವನ ಅಣ್ಣ ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಾನೆ. ಪಕ್ಕದ ಹುಡುಗಿ ನೋಟ್‌ಬುಕ್ ತೆಗೆದು, ಅವನು ಎಳೆದಿಟ್ಟ ಬ್ಲಾಕುಗಳನ್ನೆಲ್ಲ ಸ್ಕೆಚ್ ಪೆನ್ನಿನಲ್ಲಿ ಬಣ್ಣ ಸಮೇತ ಬರೆದುಕೊಳ್ಳುತ್ತಾಳೆ. ರಿಪೀಟ್ ಬ್ಲಾಕ್ ಒಳಗೆ ಯಾವುದು ಬರಬೇಕು ಎಂದು ಕೇಳಿದರೆ ಅವನಿಗಿಂತ ಮೊದಲು ಅವಳೇ ಹೇಳುತ್ತಾಳೆ. ಆದರೆ ಮೌಸ್ ಹಿಡಿ ಎಂದರೆ "ಬೇಡ ಸರ್, ಕೆಟ್ಟುಹೋದರೆ?" ಅನ್ನುತ್ತಾಳೆ.

ನಮ್ಮ ಹೆಡ್‌ಮಾಸ್ಟರ್ "ಹೆಣ್ಣುಮಕ್ಕಳಿಗೆ ಇದರಲ್ಲಿ ಇಂಟರೆಸ್ಟ್ ಇರಲ್ಲ ಬಿಡಿ, ಬರೋರಿಗೆ ಕಲಿಸಿ ಸಾಕು" ಅನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಾಗುತ್ತಿಲ್ಲ. ಇಂಥ ಕ್ಲಾಸು ನಡೆಸಿದವರು ಯಾರಾದರೂ ಇದ್ದರೆ ಹೇಳಿ. ಸುಮ್ನೆ "ಪ್ರೋತ್ಸಾಹ ಕೊಡಿ" ಅಂತ ಮಾತ್ರ ಬರೆಯಬೇಡಿ ದಯವಿಟ್ಟು.

ದುರ್ಗದ_ಹುಡುಗಿ

ಸರ್, ನಿಮ್ಮ ಆ ನೋಟ್‌ಬುಕ್ ಹುಡುಗಿಯ ಹಾಗೇ ಇದ್ದವಳು ನಾನು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಪಿಸಿಎಂಬಿ, ಯಾಕೆಂದರೆ ನಮ್ಮೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಾಂಬಿನೇಷನ್ನೇ ಇರಲಿಲ್ಲ. ಇಂಜಿನಿಯರಿಂಗ್ ಸೇರಿದ ಮೊದಲ ವಾರ ಲ್ಯಾಬಿನಲ್ಲಿ ಲೆಕ್ಚರರ್ "ಸಿ ಪ್ರೋಗ್ರಾಮಿಂಗ್ ಎಲ್ಲರಿಗೂ ಗೊತ್ತಲ್ಲ?" ಎಂದು ಕೇಳಿದರು, ಅರ್ಧ ಕ್ಲಾಸು ಹೂಂ ಅಂದಿತು, ಉಳಿದರ್ಧ ಸುಮ್ಮನಿತ್ತು, ಅವರು ಮುಂದಿನ ಪಾಠಕ್ಕೆ ಹೋಗಿಬಿಟ್ಟರು. ಆ ಹೂಂ ಅಂದವರು ನಮಗಿಂತ ಜಾಣರು ಎಂದು ನಾನು ಎಷ್ಟೋ ದಿನ ನಂಬಿದ್ದೆ. ಅವರು ಎರಡು ವರ್ಷ ಮೊದಲು ಕಲಿತಿದ್ದರು, ಅಷ್ಟೇ.

ಇದಕ್ಕೆ ಕೆಲವರು ದಾರಿ ಹುಡುಕಿದ್ದಾರೆ. ಅಮೆರಿಕದ ಹಾರ್ವೆ ಮಡ್ ಕಾಲೇಜಿನಲ್ಲಿ ಮೊದಲ ಕೋರ್ಸನ್ನೇ ಎರಡು ಮಾಡಿದರು, ಮೊದಲೇ ಕೋಡಿಂಗ್ ಗೊತ್ತಿದ್ದವರಿಗೆ ಒಂದು, ಏನೂ ಗೊತ್ತಿಲ್ಲದವರಿಗೆ ಒಂದು. ಮರಿಯಾ ಕ್ಲಾವೆ 2006ರಲ್ಲಿ ಅಲ್ಲಿಯ ಅಧ್ಯಕ್ಷೆಯಾದ ಸುಮಾರಿಗೆ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹುಡುಗಿಯರು ಶೇ. 10ರಷ್ಟಿದ್ದರು, ಕೆಲವೇ ವರ್ಷಗಳಲ್ಲಿ ಶೇ. 40ರ ಹತ್ತಿರ ಬಂತು. ಅದಕ್ಕೂ ಮೊದಲು ಅಲ್ಲಿಯದೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಶೇ. 7 ಇದ್ದದ್ದು 2000ದಲ್ಲಿ ಶೇ. 42 ಆಯಿತು. ಅಲ್ಲಿ ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು, ಸೀಟು ಕೊಡುವಾಗ ಮೊದಲೇ ಕೋಡಿಂಗ್ ಬರುತ್ತದಾ ಎಂದು ನೋಡುವುದನ್ನು ಬಿಟ್ಟದ್ದು. ಹುಡುಗಿಯರ ಬುದ್ಧಿ ಐದು ವರ್ಷದಲ್ಲಿ ಆರು ಪಟ್ಟು ಬೆಳೆಯಲಿಲ್ಲವಲ್ಲ!

ಅದಕ್ಕೇ ಹೇಳುವುದು, ಆ ಲ್ಯಾಪ್‌ಟಾಪ್ ಇರುವ ಹುಡುಗರನ್ನು ಎಲ್ಲ ಗುಂಪಿಗೂ ಹಂಚಬೇಡಿ. ಅವರನ್ನೆಲ್ಲ ಒಂದೇ ಕಂಪ್ಯೂಟರಿಗೆ ಕೂರಿಸಿ. ಅವರೊಳಗೆ ಅವರು ಮೌಸಿಗೆ ಕಿತ್ತಾಡಲಿ.

ಪಿಬಿ_ರೋಡ್

ಅಕ್ಕಾ, ಅಂಕಿ ಎಲ್ಲ ಸರಿ, ಆದರೆ ಅಮೆರಿಕದ ಕಥೆಯನ್ನು ಹಾಗೇ ಜಗಳೂರಿಗೆ ತಂದರೆ ಹೊಂದುವುದಿಲ್ಲ. ದಾವಣಗೆರೆಯ ಯಾವ ಇಂಜಿನಿಯರಿಂಗ್ ಕಾಲೇಜಿಗೆ ಬೇಕಾದರೂ ಹೋಗಿ, ಸಿಎಸ್ ಬ್ರಾಂಚಿನಲ್ಲಿ ಹುಡುಗಿಯರಿಗೆ ಬರ ಇಲ್ಲ. ಆ ಹುಡುಗಿಯರು ಯಾರು, ಯಾವ ಊರು, ಯಾವ ಮೀಡಿಯಂ ಅಂತ ಕೇಳಿದರೆ ಅಲ್ಲಿ ಗೊತ್ತಾಗುತ್ತದೆ ನಿಜವಾದ ಸಂಗತಿ. ಅಲ್ಲಿ ಅದು ಗಂಡು ಹೆಣ್ಣಿನ ಪ್ರಶ್ನೆ. ಇಲ್ಲಿ ಅದರ ಜೊತೆಗೆ ಜಾತಿ, ಹಳ್ಳಿ, ಇಂಗ್ಲಿಷು, ಫೋನು ಎಲ್ಲ ಸೇರಿಕೊಂಡಿದೆ. 2023ರ ಅಸರ್ ಎಂಬ ಶಿಕ್ಷಣ ಸಮೀಕ್ಷೆ ಹಳ್ಳಿಗಳ 14ರಿಂದ 18 ವರ್ಷದ ಮಕ್ಕಳನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಸುಮಾರು ಶೇ. 44, ಹುಡುಗಿಯರು ಶೇ. 20. ನಿಮ್ಮ ಹುಡುಗಿ ಮೌಸಿಗೆ ಹೆದರುವುದು ಇಂಥ ಮನೆಯಿಂದ ಬಂದು ಸರ್. ಮನೆಯಲ್ಲಿ ಅಣ್ಣನ ಫೋನ್ ಮುಟ್ಟಿದರೆ ಬೈಸಿಕೊಳ್ಳುವವಳು ಸರ್ಕಾರದ ಕಂಪ್ಯೂಟರ್ ಮುಟ್ಟುತ್ತಾಳಾ?

ಇನ್ನೊಂದು, ಇದು ಕೋಡಿಂಗ್‌ಗೆ ಸಂಬಂಧವಿಲ್ಲ ಅನ್ನಿಸಬಹುದು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 5, ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ. 15 ಸೀಟು ಮೀಸಲು ಇದೆ. ಎಷ್ಟೋ ಮಕ್ಕಳಿಗೆ ಇದು ಗೊತ್ತಾಗುವುದೇ ಅರ್ಜಿ ತುಂಬುವ ದಿನ ಸೈಬರ್ ಸೆಂಟರಿನಲ್ಲಿ. ಆಮೇಲೆ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು ಅಂತ ಓಡಾಟ. ಒಂಬತ್ತನೇ ಕ್ಲಾಸಿನಲ್ಲೇ ಹೇಳಿಬಿಡಿ.

ಹಳೇ_ಸಿಪಿಯು

ನಾನು ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ಪಕ್ಕದ ಹಳ್ಳಿ ಶಾಲೆಗೆ ಆಗಾಗ ಹೋಗಿ ಪಾಠ ಮಾಡುತ್ತೇನೆ. ದೊಡ್ಡ ಮಾತು ಗೊತ್ತಿಲ್ಲ, ಲ್ಯಾಬಿನಲ್ಲಿ ನಡೆಯುವುದನ್ನು ಹೇಳುತ್ತೇನೆ.

ಕೆಡುತ್ತದೆ ಎನ್ನುವ ಭಯ ಹೋಗಬೇಕಾದರೆ ಕೆಟ್ಟುಹೋದ ಒಂದು ಸಿಪಿಯು ತಂದು ಟೇಬಲ್ ಮೇಲಿಡಿ, ಸ್ಕ್ರೂಡ್ರೈವರ್ ಹುಡುಗಿಯರ ಕೈಗೆ ಕೊಡಿ. ರ‍್ಯಾಮ್ (ಮೆಮೊರಿ ಪಟ್ಟಿ) ಕಿತ್ತು, ರಬ್ಬರಿನಿಂದ ಅದರ ಹಳದಿ ಹಲ್ಲು ಉಜ್ಜಿ ಮತ್ತೆ ಕೂರಿಸಲಿ, ಟಕ್ ಅಂತ ಎರಡೂ ಕಡೆ ಕ್ಲಿಪ್ ಬೀಳಬೇಕು. ಒಮ್ಮೆ ಒಳಗಿನದ್ದು ನೋಡಿದವರು ಮೌಸಿಗೆ ಹೆದರಿದ್ದನ್ನು ನಾನು ಕಂಡಿಲ್ಲ.

ಎರಡನೇದು, ಹತ್ತು ನಿಮಿಷಕ್ಕೆ ಗಂಟೆ ಹೊಡೆಯಿರಿ, ಕೂತವರು ಏಳಬೇಕು. ಮೌಸ್ ಹಿಡಿದವರು ಬಾಯಿ ಬಿಡಬಾರದು, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಆಗ ಆ ನೋಟ್‌ಬುಕ್ ಹುಡುಗಿ ಹೇಳಬೇಕು, ಅಣ್ಣನ ಲ್ಯಾಪ್‌ಟಾಪ್ ಹುಡುಗ ಕೇಳಬೇಕು. ಮೊದಲು ಗಲಾಟೆ ಮಾಡುತ್ತಾನೆ, ಆಮೇಲೆ ಸರಿಹೋಗುತ್ತಾನೆ.

ಕರೆಂಟ್ ಹೋದರೆ ಕ್ಲಾಸು ಬಿಡಬೇಡಿ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತೆ ಅವರ ಜೊತೆಯವರು ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ಸೈನ್ಸ್ ಕಲಿಸುವ ಆಟಗಳನ್ನು 1990ರ ದಶಕದಲ್ಲೇ ಮಾಡಿಟ್ಟಿದ್ದಾರೆ, ಸಿಎಸ್ ಅನ್‌ಪ್ಲಗ್ಡ್ ಅಂತ. ಹಳೇ ಲಗ್ನಪತ್ರಿಕೆಯ ಹಿಂದೆ 16, 8, 4, 2, 1 ಚುಕ್ಕಿ ಹಾಕಿ ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಹುಟ್ಟಿದ ತಾರೀಕು 19 ಆದರೆ 16, 2, 1 ಹಿಡಿದವರು ಕಾರ್ಡ್ ತೋರಿಸಬೇಕು, ಉಳಿದವರು ತಿರುಗಿಸಬೇಕು. ತೋರಿಸಿದ ಕಾರ್ಡಿಗೆ 1, ತಿರುಗಿಸಿದ್ದಕ್ಕೆ 0 ಬರೆದರೆ ಅದೇ 10011, ಕಂಪ್ಯೂಟರ್ ಅಂಕಿ ಬರೆಯುವ ರೀತಿ. ತಿಂಗಳ 31 ತಾರೀಕೂ ಐದು ಕಾರ್ಡಿನಲ್ಲಿ ಬಂದುಹೋಗುತ್ತವೆ. ಇಲ್ಲಿ ಯಾರ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಪೈಥಾನ್‌ಗೆ (ಟೈಪ್ ಮಾಡಿ ಬರೆಯುವ ಕೋಡಿಂಗ್ ಭಾಷೆ) ಹೋಗುವುದಾದರೆ ಕೋಡಿನಲ್ಲಿ ಬರುವ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, 2008ರಲ್ಲಿ ಬಂದ ಪೈಥಾನ್ 3ರಿಂದ ಅದು ಸಾಧ್ಯ. ಬೆಲೆ = 40 ಎಂದು ಬರೆದರೆ ನಡೆಯುತ್ತದೆ. ಮಗು ಇನ್‌ಪುಟ್‌ನಲ್ಲಿ ೪೦ ಎಂದು ಕೊಟ್ಟರೂ ಬರೆದದ್ದನ್ನು ಸಂಖ್ಯೆ ಮಾಡುವ ಇಂಟ್ ಆಜ್ಞೆ ಅದನ್ನು 40 ಎಂದೇ ಓದುತ್ತದೆ. ಕೋಡಿನ ಒಳಗೆ ನೇರವಾಗಿ ೪೦ ಬರೆದರೆ ಮಾತ್ರ ಎರರ್. ಇನ್ನೊಂದು ತರಲೆ ಇದೆ, ರ‍್ಯಾಂಕ್ ಅಂತ ಹೆಸರಿಟ್ಟರೆ ಅದರ ಮಧ್ಯೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಕೂತಿರುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ, ಮಕ್ಕಳು ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಅಂಕ, ಬೆಲೆ, ಲೀಟರು, ಹೀಗೆ ಸಲೀಸಾದ ಹೆಸರು ಇಡಿ.

ಜಗಳೂರು_ಮೇಷ್ಟ್ರು

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಗಂಟೆ ಹೊಡೆಯುವುದು, ಲಗ್ನಪತ್ರಿಕೆ, ಎರಡೂ ಮಾಡುತ್ತೇನೆ. ಆದರೆ ಬಂದವರ ಮಧ್ಯೆ ಮೌಸ್ ಹಂಚಬಹುದು, ಬರದೇ ಇರುವವರನ್ನು ಏನು ಮಾಡುವುದು? ಬಿಟ್ಟ ಹುಡುಗಿಯರನ್ನು ಕೇಳಿದರೆ ಬಸ್ಸು ಅನ್ನುತ್ತಾರೆ. ನಮ್ಮ ರೂಟಿನಲ್ಲಿ ಓಡುವುದೆಲ್ಲ ಪ್ರೈವೇಟ್ ಬಸ್, ಶಕ್ತಿ ಯೋಜನೆ ಫ್ರೀ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಶಾಲೆ ಬಿಟ್ಟ ತಕ್ಷಣದ ಬಸ್ಸು ತಪ್ಪಿದರೆ ಮುಂದಿನದ್ದು ಎರಡೂವರೆಗೆ. ಹುಡುಗರು ಯಾರದ್ದಾದರೂ ಬೈಕ್ ಹತ್ತಿ ಹೋಗುತ್ತಾರೆ. ಮೆಕ್ಕೆಜೋಳ ಮುರಿಯುವ ಕಾಲದಲ್ಲಂತೂ ಶನಿವಾರ ಮಧ್ಯಾಹ್ನ ಹೆಣ್ಣುಮಕ್ಕಳು ಹೊಲದಲ್ಲೇ.

ದುರ್ಗದ_ಹುಡುಗಿ

ಸರ್, ಹಾಗಾದರೆ ಉತ್ತರ ನೀವೇ ಹೇಳಿದಿರಿ. ಶಾಲೆ ಬಿಟ್ಟ ಮೇಲೆ ಇಟ್ಟ ಕ್ಲಾಸಿಗೆ ಪುರಸೊತ್ತು ಇರುವವರು ಬರುತ್ತಾರೆ, ಆಸಕ್ತಿ ಇರುವವರಲ್ಲ. ಅದನ್ನು ಟೈಮ್‌ಟೇಬಲ್ ಒಳಗೆ ತನ್ನಿ. ಕಾರ್ಯಾನುಭವದ ಪೀರಿಯಡ್ ಇದೆಯಲ್ಲ? ಬಹಳ ಶಾಲೆಗಳಲ್ಲಿ ಅದನ್ನು ನಿಮ್ಮ ಗಣಿತದವರೇ ನುಂಗಿಕೊಂಡಿರುತ್ತಾರೆ, ಬೇಜಾರಾಗಬೇಡಿ! ಆ ಪೀರಿಯಡ್‌ನಲ್ಲಿ ಅರ್ಧ ತರಗತಿ ಲ್ಯಾಬಿನಲ್ಲಿ, ಅರ್ಧ ತರಗತಿ ಕಾರ್ಡ್ ಆಟದಲ್ಲಿ ಇರಲಿ, ಮುಂದಿನ ವಾರ ಅದಲುಬದಲು. ಆಗ ಯಾರೂ ಹೆಸರು ಕೊಡಬೇಕಾಗಿಲ್ಲ. ಹೆಸರು ಕೊಡಿ ಅಂದಾಗಲೇ ಅರ್ಧ ಜನ ಹಿಂದೆ ಸರಿಯುವುದು.

ಇನ್ನು ನೀವು ಮಾಡಿಸುವ ಪ್ರಾಜೆಕ್ಟ್ ಏನು? ಕ್ರಿಕೆಟ್ ಆಟ, ಕಾರ್ ರೇಸ್ ಇವೇ ಇದ್ದರೆ ಬದಲಾಯಿಸಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಪ್ನಾ ಚೆರಿಯನ್ 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೋಣೆಯಲ್ಲಿ ಸ್ಟಾರ್ ಟ್ರೆಕ್ ಪೋಸ್ಟರ್, ವಿಡಿಯೋ ಗೇಮ್ ಡಬ್ಬಿ ಇದ್ದಾಗ ಹುಡುಗಿಯರಿಗೆ ಕಂಪ್ಯೂಟರ್ ಸೈನ್ಸ್ ಬಗ್ಗೆ ಆಸಕ್ತಿ ಕಡಿಮೆ ಇತ್ತು, ಅವನ್ನು ತೆಗೆದು ಸಾದಾ ಪ್ರಕೃತಿ ಚಿತ್ರ ಹಾಕಿದಾಗ ಹುಡುಗರಷ್ಟೇ ಆಯಿತು. ನಮ್ಮ ಕಡೆ ಡೇರಿಗೆ ಹಾಲು ಹಾಕುವ ಮನೆ ಎಷ್ಟಿಲ್ಲ? ಲೀಟರ್, ಫ್ಯಾಟ್, ದರ ಕೊಟ್ಟರೆ ಬಟವಾಡೆ ಎಷ್ಟು ಬರಬೇಕು ಎಂದು ಲೆಕ್ಕ ಹಾಕಿಸಿ. ಮನೆಯ ಡೇರಿ ಪುಸ್ತಕ ತಂದು ತಾಳೆ ನೋಡಲಿ.

ಪಿಬಿ_ರೋಡ್

ಡೇರಿ ಲೆಕ್ಕ ಒಳ್ಳೆಯದು, ಆದರೆ ಹುಡುಗಿಯರಿಗೆ ಹಾಲು, ಹುಡುಗರಿಗೆ ಕ್ರಿಕೆಟ್ ಅಂತ ಮಾತ್ರ ಮಾಡಬೇಡಿ. ಕ್ರಿಕೆಟ್ ಆಡುವ ಹುಡುಗಿಯರೂ ಇದ್ದಾರೆ ನಮ್ಮಲ್ಲಿ. ಎರಡೂ ಇಡಿ, ಯಾರಿಗೆ ಯಾವುದು ಬೇಕೋ ತಗೊಳ್ಳಲಿ.

ಹಳೇ_ಸಿಪಿಯು

ಮೇಷ್ಟ್ರೇ, ಆ ನಾಲ್ಕು ಸತ್ತ ಮಷೀನುಗಳ ಕತೆ ಏನು? ಆನ್ ಮಾಡಿದರೆ ಬೀಪ್ ಬರುತ್ತದಾ, ಇಲ್ಲ ಫ್ಯಾನೇ ತಿರುಗುವುದಿಲ್ಲವಾ? ಬೀಪ್ ಬಂದರೆ ಬಹುಶಃ ರ‍್ಯಾಮ್ ಇರಬೇಕು, ನಿಮ್ಮ ಹುಡುಗಿಯರೇ ಉಜ್ಜಿ ಸರಿಮಾಡುತ್ತಾರೆ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಚೆಕ್ ಮಾಡಬೇಕು, ಹಳೇವು ನನ್ನ ಹತ್ತಿರ ಇವೆ. ಸ್ಟಾಕ್ ಬುಕ್ಕಿನಲ್ಲಿ ಇರುವ ಮಷೀನು ಬಿಚ್ಚುವ ಮೊದಲು ಹೆಡ್‌ಮಾಸ್ಟರ್ ಹತ್ತಿರ ಒಂದು ಸಹಿ ಹಾಕಿಸಿಕೊಳ್ಳಿ, ಆಮೇಲೆ ಆಡಿಟ್‌ನಲ್ಲಿ ತಲೆನೋವು ಬೇಡ. ಫೋಟೋ ಹಾಕಿ, ನೋಡೋಣ.