ಸಹಾಯ ಬೇಕು: ಪದವಿ ಪ್ರದಾನ ಸಮಾರಂಭಕ್ಕೆ ಐದು ನಿಮಿಷದ ಭಾಷಣ

ಗುಂಪಿನ ಹಿರಿಯರಿಗೆ ನಮಸ್ಕಾರ. ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿರುವ ನಮ್ಮ ಕಾಲೇಜಿನ ಪದವಿ ಪ್ರದಾನ ಸಮಾರಂಭದಲ್ಲಿ ವಿದ್ಯಾರ್ಥಿಗಳ ಪರವಾಗಿ ಐದು ನಿಮಿಷ ಕನ್ನಡದಲ್ಲಿ ಮಾತನಾಡುವ ಹೊಣೆಯನ್ನು ನನಗೆ ವಹಿಸಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು, ‘ನ ಹಿ ಜ್ಞಾನೇನ ಸದೃಶಂ’ ಎಂಬ ಧ್ಯೇಯವಾಕ್ಯ, ಕುವೆಂಪು ಅವರು ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟದ್ದು, ಹೀಗೆ ಎಲ್ಲವನ್ನೂ ಮೊದಲ ಕರಡಿನಲ್ಲಿ ತುಂಬಿದೆ. ಗಟ್ಟಿಯಾಗಿ ಓದಿ ನೋಡಿದರೆ ವೇದಿಕೆಯ ಗಣ್ಯರ ಸಂಬೋಧನೆಗೇ ಒಂದೂವರೆ ನಿಮಿಷ ಹಿಡಿಯಿತು. ಉಳಿದದ್ದು ಪ್ರಬಂಧ ಸ್ಪರ್ಧೆಗೆ ಬರೆದಂತಿತ್ತು.

ನನಗೆ ಹೇಳಬೇಕೆನಿಸುವುದು ಬೇರೆ. ಮೂರು ವರ್ಷ ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ನಿಂತೇ ಬಂದದ್ದು, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವ ಹೊತ್ತಿಗೆ ಗೆಳತಿಯರು ಮೂವರು ಒಂದೇ ನೋಟ್ಸಿನೊಳಗೆ ತಲೆ ತೂರಿಸುತ್ತಿದ್ದದ್ದು, ಕಬ್ಬಿನ ಬಾಕಿ ಕೈಗೆ ಬರುವ ಮೊದಲೇ ಅಪ್ಪ ಸಾಲ ತಂದು ಶುಲ್ಕ ಕಟ್ಟಿದ್ದು. ಸಾಲದ ಮಾತನ್ನು ಎತ್ತಿದರೆ ಸಭೆಯಲ್ಲಿ ಕುಳಿತಿರುವ ಅಪ್ಪನಿಗೆ ಮುಜುಗರವಾದೀತೇ ಎಂಬುದೇ ನನ್ನ ದೊಡ್ಡ ಅಳುಕು.

ಗಣ್ಯರೆಲ್ಲರನ್ನೂ ಒಂದೇ ವಾಕ್ಯದಲ್ಲಿ ಸಂಬೋಧಿಸಿದರೆ ಅಗೌರವವೆನಿಸುವುದೇ? ಇತಿಹಾಸದಲ್ಲಿ ಯಾವುದನ್ನು ಉಳಿಸಿಕೊಳ್ಳಲಿ? ಇಂತಹ ವೇದಿಕೆಯಲ್ಲಿ ಮಾತನಾಡಿದ ಅನುಭವವುಳ್ಳವರು ಕರಡನ್ನು ಓದಿ, ನಿರ್ದಾಕ್ಷಿಣ್ಯವಾಗಿ ತಿದ್ದಿಕೊಡಬೇಕೆಂದು ಕೋರುತ್ತೇನೆ.