ನರರೋಗ ವೈದ್ಯರನ್ನು ಕೇಳಿ: ಪಾರ್ಕಿನ್ಸನ್‌ಗೂ ಇಮ್ಯೂನಿಟಿಗೂ ಏನು ಸಂಬಂಧ?

ನಿವೃತ್ತ ಮೇಷ್ಟ್ರು: ಡಾಕ್ಟ್ರೇ, ನಮಸ್ಕಾರ. ನನಗೆ ಪಾರ್ಕಿನ್ಸನ್ ಇದೆ. 'ಇದು ಮಿದುಳಿನ ಕಾಯಿಲೆಯೇ ಅಲ್ಲ, ಇಮ್ಯೂನಿಟಿ ಕಾಯಿಲೆ. ಇಮ್ಯೂನಿಟಿ ಹೆಚ್ಚಿಸಿಕೊಂಡರೆ ನಡುಕ ನಿಲ್ಲುತ್ತದೆ' ಅಂತ ಒಂದು ಮೆಸೇಜು ಎಲ್ಲ ಕಡೆ ಓಡಾಡ್ತಿದೆ. ನಿಜವಾ?

ಡಾಕ್ಟರ್: ನಮಸ್ಕಾರ ಮೇಷ್ಟ್ರೇ. ಮೊದಲ ಸಾಲಿನಲ್ಲಿ ಅರೆಪಾಲು ನಿಜ, ಎರಡನೆಯದು ತಲೆಕೆಳಗು. ಪಾರ್ಕಿನ್ಸನ್‌ನಲ್ಲಿ ಡೋಪಮಿನ್, ಅಂದರೆ ಕೈಕಾಲಿನ ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ, ತಯಾರಿಸುವ ನರಕೋಶಗಳು ಸಾಯುತ್ತವೆ, ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟು ಕಟ್ಟುತ್ತದೆ. 1988ರಲ್ಲಿ ಕೆನಡಾದ ಮೆಕ್‌ಗೀರ್ ದಂಪತಿಯ ತಂಡ, ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಅದೇ ಜಾಗದ ಕಾವಲು ಕೋಶಗಳು, ಅಂದರೆ ಮೈಕ್ರೋಗ್ಲಿಯಾ, ಕೆರಳಿದ್ದನ್ನು ತೋರಿಸಿತು. 2017ರಲ್ಲಿ ಅಮೆರಿಕದ ಸಂಶೋಧಕರು ಸುಮಾರು ಶೇ. 40ರಷ್ಟು ರೋಗಿಗಳ ರಕ್ತದಲ್ಲಿ, ಆ ಪ್ರೋಟೀನಿನ ತುಣುಕುಗಳನ್ನೇ ಶತ್ರು ಎಂದು ಗುರುತಿಸುವ ಟಿ ಕೋಶಗಳನ್ನು, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳನ್ನು, ಕಂಡರು. ಇದೇ ಮೂಲ ಕಾರಣವೋ, ಹಾಳಾದ ಕೋಶ ಗುಡಿಸಲು ಬಂದದ್ದು ಅತಿಯಾಯಿತೋ ಇನ್ನೂ ತೀರ್ಮಾನವಾಗಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಕೆರಳಿರುವುದನ್ನು ಇನ್ನಷ್ಟು ಕೆರಳಿಸುವುದು ಚಿಕಿತ್ಸೆ ಹೇಗಾದೀತು?

ಧಾರವಾಡದಾಕಿ: ನಮ್ಮ ಅವ್ವಗ ದಿನಾ ಮುಂಜಾನೆ ಅಮೃತಬಳ್ಳಿ ಕಷಾಯ ಕೊಡ್ತೀವ್ರಿ. ನಡೀತದೇನ್ರಿ?

ಡಾಕ್ಟರ್: ನಿಲ್ಲಿಸಿ. ಒಮ್ಮೆ ಲಿವರ್ ಟೆಸ್ಟ್ ಮಾಡಿಸಿ.

ಮೂಲಿಕೆ ಮಿತ್ರ: ಶುರುವಾಯ್ತು ಅಲೋಪತಿ ಲಾಬಿ! ಅಮೃತಬಳ್ಳಿ ಸುರಕ್ಷಿತ ಅಂತ ಆಯುಷ್ ಸಚಿವಾಲಯವೇ ಹೇಳಿದೆ.

ಡಾಕ್ಟರ್: ಹೇಳಿದ್ದು ಹೌದು. 2021ರಲ್ಲಿ ಮುಂಬೈ ವೈದ್ಯರು ಲಿವರ್ ಕೆಟ್ಟವರ ವರದಿ ಪ್ರಕಟಿಸಿದಾಗ ಬಂದ ಪ್ರತಿಕ್ರಿಯೆ ಅದು. ಮರುವರ್ಷ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಇನ್ನೂ ದೊಡ್ಡ ವರದಿ ಬಂತು. ಹಲವರಲ್ಲಿ ಅವರದೇ ರೋಗನಿರೋಧಕ ವ್ಯವಸ್ಥೆ ಲಿವರ್ ಮೇಲೆ ಬಿದ್ದಿತ್ತು. ಅದನ್ನೂ ಫಾರ್ವರ್ಡ್ ಮಾಡಿ.

ಮೈಸೂರಿಂದ: ಸರ್, ಡಿಬಿಎಸ್, ಅದೇ ಮಿದುಳಿಗೆ ತಂತಿ ಹಾಕೋ ಆಪರೇಷನ್‌ಗೆ ಎಷ್ಟು ಖರ್ಚಾಗುತ್ತೆ?

ದಾವಣಗೆರೆ ಮಗಳು: ಸರ್, ನಮ್ಮ ಅಪ್ಪಾಜಿಗೆ 61. ಎರಡು ತಿಂಗಳಿಂದ ಬಲಗೈ ಅದುರುತ್ತೆ. ಇಲ್ಲಿ ಪಾರ್ಕಿನ್ಸನ್ ಅಂತ ಸಿಂಡೋಪಾ ಮಾತ್ರೆ ಕೊಟ್ಟಿದ್ದಾರೆ, ಒಂಚೂರೂ ಕಡಿಮೆಯಾಗಿಲ್ಲ. ಇತ್ತೀಚೆಗೆ ಮರೆವು ಬೇರೆ. ನಿನ್ನೆ ಊಟ ಆಗಿ ಕೈ ತೊಳ್ಕೊಂಡು ಬಂದು 'ಊಟಕ್ಕೆ ಹಾಕಮ್ಮ' ಅಂದ್ರು.

ಡಾಕ್ಟರ್: ಅದುರುತ್ತೆ ಅಂದರೆ ಹೇಗೆ? ಒಂದೇ ಸಮ ನಡುಗುತ್ತಾ, ಥಟ್ಟನೆ ಸೆಟೆದು ಬಿಡುತ್ತಾ? ಮುಖದಲ್ಲಿ ಏನಾದರೂ? ರಕ್ತದಲ್ಲಿ ಸೋಡಿಯಂ ಎಷ್ಟಿದೆ?

ದಾವಣಗೆರೆ ಮಗಳು: ನಡುಕ ಅಲ್ಲ ಸರ್. ಮಜ್ಜಿಗೆ ಲೋಟ ಹಿಡಿದಿರ್ತಾರೆ, ಬಲಗೈ ಥಟ್ಟನೆ ಸೆಟೆದು ಬಾಯಿ ಅದೇ ಕಡೆಗೆ ಎಳೆಯುತ್ತೆ, ಲೋಟ ಕೆಳಗೆ. ಎರಡು ಮೂರು ಸೆಕೆಂಡ್ ಅಷ್ಟೇ. ದಿನಕ್ಕೆ ಲೆಕ್ಕವೇ ಇಲ್ಲ. ಸೋಡಿಯಂ 124, ಉಪ್ಪು ಜಾಸ್ತಿ ತಿನ್ನಿ ಅಂದ್ರು.

ಡಾಕ್ಟರ್: ಗಮನವಿಟ್ಟು ಓದಿ. ನೀವು ಹೇಳಿದ್ದು ಪಾರ್ಕಿನ್ಸನ್ ನಡೆಯಲ್ಲ. ಪಾರ್ಕಿನ್ಸನ್ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ಕನಸಿನಲ್ಲಿ ಕೈಕಾಲು ಬೀಸುವುದು ಎಷ್ಟೋ ಸಲ ಮೊದಲೇ ಶುರುವಾಗಿರುತ್ತವೆ. ಕೈ ಸುಮ್ಮನಿದ್ದಾಗ ಸೆಕೆಂಡಿಗೆ ನಾಲ್ಕರಿಂದ ಆರು ಸಲ ತಾಳ ಹಾಕಿದಂತೆ ನಡುಗುತ್ತದೆ. ನಿಮ್ಮ ತಂದೆಯವರದು ವಾರಗಳಲ್ಲಿ ಬಂದದ್ದು, ಒಂದೇ ಕಡೆಯ ಮುಖ ಮತ್ತು ಕೈ ಸೆಟೆಯುತ್ತಿವೆ, ಮರೆವಿದೆ, ಸೋಡಿಯಂ ಕುಸಿದಿದೆ. ಇವೆಲ್ಲ ಒಟ್ಟಿಗೆ ಕಂಡರೆ ಎಲ್‌ಜಿಐ1 ಆಟೊಇಮ್ಯೂನ್ ಎನ್ಸೆಫಲೈಟಿಸ್ ಎಂಬ ಅನುಮಾನ ಬರಲೇಬೇಕು. ಎಲ್‌ಜಿಐ1 ಎಂಬ ಮಿದುಳಿನ ಪ್ರೋಟೀನಿನ ವಿರುದ್ಧ ದೇಹವೇ ಆ್ಯಂಟಿಬಾಡಿ ಮಾಡಿ ಮಿದುಳಿನಲ್ಲಿ ಉರಿಯೂತ ತರುವ ಕಾಯಿಲೆ. ಆ ಸೆಟೆತ ಒಂದು ಬಗೆಯ ಫಿಟ್ಸ್.

ಪಾರ್ಕಿನ್ಸನ್‌ನಲ್ಲಿ ಇಮ್ಯೂನ್ ವ್ಯವಸ್ಥೆಯ ಪಾತ್ರ ಚರ್ಚೆಯಲ್ಲಿದೆ. ಇಲ್ಲಿ ಅದೇ ಆರೋಪಿ, ಹಿಡಿಯುವ ದಾರಿಯೂ ಇದೆ: ಸ್ಟೀರಾಯ್ಡ್, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಯ ಡ್ರಿಪ್), ಪ್ಲಾಸ್ಮಾ ಬದಲಾವಣೆ (ಆ್ಯಂಟಿಬಾಡಿ ಇರುವ ರಕ್ತದ್ರವ ತೆಗೆದು ಬೇರೆ ದ್ರವ ತುಂಬುವುದು). ಫಿಟ್ಸ್ ಮಾತ್ರೆಗೆ ಜಗ್ಗದ ಸೆಟೆತ ಎಷ್ಟೋ ಸಲ ಸ್ಟೀರಾಯ್ಡ್‌ಗೆ ನಿಲ್ಲುತ್ತದೆ. ಆದರೆ ತಡವಾದರೆ ಕಳೆದ ನೆನಪು ಪೂರ್ತಿ ಮರಳದೆ ಹೋಗಬಹುದು. ಎಂಆರ್‌ಐ ನಾರ್ಮಲ್ ಬಂದರೂ ಕೈಬಿಡಬೇಡಿ. ರಕ್ತ ಮತ್ತು ಬೆನ್ನುಹುರಿ ದ್ರವ ಎರಡರಲ್ಲೂ ಆ್ಯಂಟಿಬಾಡಿ ನೋಡಿಸಿ. ಇದು ಇಲ್ಲಿ ಕೂತು ಹೇಳಿದ ಅನುಮಾನ, ಖಚಿತ ಮಾಡಬೇಕಾದವರು ಪರೀಕ್ಷಿಸುವ ವೈದ್ಯರು. ಮುಂದಿನ ವಾರ ಅನ್ನಬೇಡಿ, ಇವತ್ತೇ ಅಡ್ಮಿಟ್ ಮಾಡಿಸಿ. 124 ಸೋಡಿಯಂ ಅಡುಗೆಮನೆ ಉಪ್ಪಿನಿಂದ ಸರಿಹೋಗುವುದಲ್ಲ.

ಹಾಸನದ ಚಿಕ್ಕಮ್ಮ: ಬೆನ್ನಿಂದ ನೀರು ತೆಗೆಸಬೇಡ ಮಗಳೇ, ಸೊಂಟ ಬಿದ್ದು ಹೋಗುತ್ತೆ. ನಮ್ಮ ಕಡೆ ಒಬ್ಬರಿಗೆ ಹಾಗೇ ಆಯ್ತು.

ಡಾಕ್ಟರ್: ಚಿಕ್ಕಮ್ಮಾ, ದಯವಿಟ್ಟು ಈ ಮಾತು ಇಲ್ಲಿ ಹೇಳಬೇಡಿ. ಕೆಲವರಿಗೆ ಕೆಲವು ದಿನ ತಲೆನೋವು ಬರುತ್ತದೆ. ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ, ಅದು ಇನ್ನೂ ಮೇಲೆ ಮುಗಿದಿರುತ್ತದೆ.

ಕೋಲಾರ ಸೊಸೆ: ನಮ್ಮತ್ತೆಗೆ ಗ್ಯಾಸ್ಟ್ರಿಕ್‌ಗೆ ಅಂತ ಲೆವೊಸಲ್ಪಿರೈಡ್ ಇರೋ ಕ್ಯಾಪ್ಸೂಲ್ ಆರು ತಿಂಗಳಿಂದ ನಡೀತಿದೆ. ಈಗ ಕೈ ನಡುಕ, ನಡಿಗೆ ನಿಧಾನ.

ಡಾಕ್ಟರ್: ಆ ಮಾತ್ರೆ ಡೋಪಮಿನ್ ತಡೆಯುತ್ತದೆ, ನಡುಕಕ್ಕೆ ಅದೇ ಕಾರಣ ಇರಬಹುದು. ಬರೆದುಕೊಟ್ಟವರಿಗೆ ನಾಳೆಯೇ ತೋರಿಸಿ.

ತುಮಕೂರು ಟ್ರೇಡರ್ಸ್: ಸರ್, ಇಮ್ಯೂನಿಟಿಗೆ ಯಾವ ಮಾತ್ರೆ ಒಳ್ಳೇದು?

ಡಾಕ್ಟರ್: ಮೇಲೆ ಓದಿ.

ಮೂಲಿಕೆ ಮಿತ್ರ: ಕಂಪವಾತಕ್ಕೆ ನಸುಗುನ್ನಿ ಬೀಜ ಕೊಡ್ತಿದ್ದದ್ದು ನಮ್ಮ ಆಯುರ್ವೇದ. ಅದನ್ನೇ ಕದ್ದು ಮಾತ್ರೆ ಮಾಡಿದ್ದಾರೆ. ಪುಡಿ ಬೇಕಾದವರು ಇನ್‌ಬಾಕ್ಸ್ ಮಾಡಿ.

ನಿವೃತ್ತ ಮೇಷ್ಟ್ರು: ಗೊತ್ತಾಯ್ತು ಬಿಡಿ, ವ್ಯಾಪಾರ ಎಲ್ಲಿಂದ ಶುರು ಅಂತ.

ಮೂಲಿಕೆ ಮಿತ್ರ: ವಯಸ್ಸಿಗೆ ತಕ್ಕ ಹಾಗೆ ಮಾತಾಡಿ ಮೇಷ್ಟ್ರೇ.

ಮಲೆನಾಡಿಗ: ವಯಸ್ಸಿನ ಸುದ್ದಿ ಯಾಕೆ ಮಾರಾಯ್ರೆ? ಪುಡಿಗೆ ಲೈಸೆನ್ಸ್ ಉಂಟಾ ಹೇಳಿ ಮೊದಲು.

ಡಾಕ್ಟರ್: ನಸುಗುನ್ನಿಯಲ್ಲಿ ಲೆವೊಡೋಪಾ, ಅಂದರೆ ಸಿಂಡೋಪಾ ಮಾತ್ರೆಯಲ್ಲಿರುವ ಮುಖ್ಯ ಔಷಧವೇ, ಇರುವುದು ನಿಜ. 1937ರಲ್ಲೇ ದಾಮೋದರನ್, ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದಾರೆ. ಹಾಗಿರುವುದರಿಂದಲೇ ಹೇಳುತ್ತಿದ್ದೇನೆ: ಸಿಂಡೋಪಾ ಜೊತೆ ಅಳತೆಯಿಲ್ಲದ ಪುಡಿ ಸೇರಿಸಿದರೆ ಬಿಪಿ ಇಳಿದು ಬೀಳುತ್ತಾರೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಅಡ್ಮಿನ್, ಇಲ್ಲಿ ಮಾರಾಟ ನಡೆದರೆ ನಾನಿರುವುದಿಲ್ಲ.

ಮೈಸೂರಿಂದ: ಡಿಬಿಎಸ್ ಖರ್ಚು ಕೇಳಿದ್ದೆ...

ಹೆಸರು ಬೇಡ: ಕೋವಿಡ್ ಲಸಿಕೆಯಿಂದಲೇ ಎಲ್ಲರಿಗೂ ಪಾರ್ಕಿನ್ಸನ್ ಬಂದದ್ದು ಅಲ್ವಾ?

ಡಾಕ್ಟರ್: ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದದ್ದು 1817ರಲ್ಲಿ.

ದಾವಣಗೆರೆ ಮಗಳು: ಸರ್, ಬೆಂಗಳೂರಿಗೆ ಹೊರಟಿದ್ದೀವಿ, ನಿಮ್ಹಾನ್ಸ್‌ಗೆ. ಸಿಂಡೋಪಾ ನಿಲ್ಲಿಸಲಾ?

ಡಾಕ್ಟರ್: ನೀವಾಗಿ ನಿಲ್ಲಿಸಬೇಡಿ, ಅಲ್ಲಿಯವರು ಹೇಳಲಿ. ದಾರಿಯಲ್ಲಿ ಪ್ರಜ್ಞೆ ಮಂಕಾದರೆ, ದೊಡ್ಡ ಫಿಟ್ಸ್ ಬಂದರೆ ಹತ್ತಿರದ ಆಸ್ಪತ್ರೆಗೆ ನುಗ್ಗಿ. ಕೈ ಸೆಟೆಯುವುದನ್ನು ಮುಖವೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಸೋಡಿಯಂ ರಿಪೋರ್ಟು ಕೈಯಲ್ಲೇ ಇರಲಿ. ಎಮರ್ಜೆನ್ಸಿಯಲ್ಲಿ ಕೂತ ತಕ್ಷಣ ಮೊದಲು ಆ ವಿಡಿಯೊ ತೋರಿಸಿ.